ನೀರಿಗೆ ಮುಖ ಮಾಡಿದ ಜೋಡು

ಏಳನೆಯ ಕಂತು

ಶೂಗಳ ಮೂತಿ ನೀರಿನ ಕಡೆಗಿತ್ತು.

ಫೋನಿನಲ್ಲಿದ್ದ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಅನುಮಾನವೇ ಇಲ್ಲ. ಕಂದು ಬಣ್ಣದ, ದಪ್ಪ ಅಟ್ಟೆಯ ಎರಡು ಶೂಗಳು ನಮ್ಮ ದೇವಿ ಹೆತ್ತೆಯ ಕಲ್ಲಿನ ಬುಡದಲ್ಲಿ ಒತ್ತೊತ್ತಾಗಿ, ಕಾಲುವೆಗೆ ಮುಖ ಮಾಡಿ ಕೂತಿದ್ದವು. ಅದೇ ಕಲ್ಲಿನ ಮೇಲೆ ಈಗ ನಾನು ಕೂತಿದ್ದೆ. ಹೊತ್ತು ಬೆಳಗಿನ ಹನ್ನೊಂದಾದರೂ ಮಂಜು ಎದ್ದಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಪುಕ್ಕಲು ಹೆಂಗಸು. ಇಪ್ಪತ್ತೆಂಟು ವರ್ಷ ಖಾಕಿ ಹಾಕಿ ಉದಕಮಂಡಲದ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿ ಪಡೆದೆ. ಅಷ್ಟೂ ವರ್ಷ ಹೆಣ ನೋಡುವಾಗ ಬೇರೆಯವರ ಹಿಂದೆ ನಿಂತವಳು ನಾನು. ತಂಗಮಣಿಗೆ ಧೈರ್ಯ ಜಾಸ್ತಿ ಅಂತ ಹಟ್ಟಿಯವರು ಅಂದುಕೊಂಡಿದ್ದರೆ ಅದು ಅವರ ತಪ್ಪು. ಈ ಕೇಸಿಗೆ ನಾನು ಕೈ ಹಾಕಿದ್ದು ಒಂದೇ ಕಾರಣಕ್ಕೆ: ಕೊಲೆ ಮಾಡಿದೆ ಅಂತ ಒಪ್ಪಿಕೊಂಡು ಕೋರ್ಟಿನ ಅಪ್ಪಣೆ ಮೇಲೆ ಲಾಕಪ್ಪಿನಲ್ಲಿ ಕೂತಿರುವ ಹಾಲನ್ ನನ್ನ ಒಡಹುಟ್ಟಿದ ಅಣ್ಣ. ಎಪ್ಪತ್ತು ದಾಟಿದ ಮುದುಕ. ನಾಳೆ ಬೆಳಗ್ಗೆ ಹತ್ತಕ್ಕೆ ಅವನು ನ್ಯಾಯಾಧೀಶರ ಮುಂದೆ ಅದೇ ಮಾತು ಹೇಳಿಬಿಟ್ಟರೆ ಅವನು ಜೈಲಿನಿಂದ ಹೊರಬರುವುದು ಚಟ್ಟದ ಮೇಲೆ.

ಸತ್ತವರು ಇಂಜಿನಿಯರ್ ಬಾಲಸುಬ್ರಮಣಿಯನ್. ಎಂಟು ದಿನದ ಹಿಂದೆ, ಕಾಲುವೆ ಗುಡ್ಡದೊಳಗೆ ಹಾದುಹೋಗುವ ಸುರಂಗದ ಕೆಳಬಾಯಿಯ ಆಚೆ ಕಸ ತಡೆಯಲು ಹಾಕಿದ ಕಬ್ಬಿಣದ ಜಾಲರಿಗೆ ಅವರ ದೇಹ ಸಿಕ್ಕಿಕೊಂಡಿತ್ತು. ತಲೆಯ ಹಿಂಬದಿಯಲ್ಲಿ ಗಾಯ, ಬರಿಗಾಲು. ಶೂಗಳು ಮಾತ್ರ ಇಲ್ಲಿ, ಮೇಲ್ಬಾಯಿಯ ಹತ್ತಿರ, ಈ ಕಲ್ಲಿನ ಬುಡದಲ್ಲಿ ಸಿಕ್ಕಿದ್ದವು. ತಾವೇ ಬಿಚ್ಚಿಟ್ಟು ಏರಿಯ ಮೇಲೆ ಹೋಗಿದ್ದಾರೆ, ಆಮೇಲೆ ಹಾಲನ್ ತಳ್ಳಿದ್ದಾನೆ ಅಂತ ಇನ್‌ಸ್ಪೆಕ್ಟರ್ ಮನೋಜ್‌ಕುಮಾರ್ ಬರೆದುಕೊಂಡರು. ಕಾಲುವೆಯ ಕಾವಲು ಅಣ್ಣನದೇ, ತಪ್ಪೊಪ್ಪಿಗೆಯೂ ಅವನದೇ. ಅವರಿಗೆ ಇನ್ನೇನು ಬೇಕು?

ಆದರೆ ಮನೋಜ್‌ಕುಮಾರ್ ನೀರ್ಕಂಬೆ ಹಟ್ಟಿಯವರಲ್ಲ. ಇಲ್ಲಿ ಹುಟ್ಟಿದ ಮೂರು ವರ್ಷದ ಮಗುವಿಗೂ ಗೊತ್ತಿರುವುದು ಅವರಿಗೆ ಗೊತ್ತಿಲ್ಲ.

ಈ ನೀರು ಮೊದಲು ಹೋಗುವುದು ಹೆತ್ತೆ ಗುಡಿಯ ಕೊಳಕ್ಕೆ. ಅದಕ್ಕೇ ನಮ್ಮಲ್ಲಿ ಯಾರೂ ಕಾಲುವೆಯ ಏರಿ ಮೇಲೆ ಜೋಡು ಮೆಟ್ಟಿ ನಡೆಯುವುದಿಲ್ಲ. ಈ ಕಲ್ಲಿನ ಹತ್ತಿರ ಬಿಡುತ್ತೇವೆ. ಬಿಡುವಾಗ ಮೂತಿ ಮನೆಯ ಕಡೆಗೆ ಇರಬೇಕು. ಹೋದ ಕಾಲು ಮನೆಗೆ ಮರಳಲಿ ಅಂತ. ನೀರಿನ ಕಡೆಗೆ ಮೂತಿ ಮಾಡಿ ಇಡುವುದು ಒಂದೇ ಒಂದು ಸಲ: ಮನುಷ್ಯ ಸತ್ತ ದಿನ. ಮನೆಯವರು ಸತ್ತವರ ಜೋಡನ್ನು ತಂದು ನೀರಿಗೆ ಮುಖ ಮಾಡಿ ಇಟ್ಟು, ಇನ್ನು ನಿನಗೆ ಮನೆ ದಾರಿ ಬೇಡ, ನೀರ ದಾರಿ ಹಿಡಿ ಅಂತ ಹೇಳಿ ತಿರುಗಿ ನೋಡದೆ ಹೋಗುತ್ತಾರೆ. ಆರು ವರ್ಷದವಳಿದ್ದಾಗ ನಾನು ಆಟಕ್ಕೆ ಚಪ್ಪಲಿ ತಿರುಗಿಸಿಟ್ಟು ಅವ್ವೆ ಕೈಲಿ ತಿಂದ ಏಟಿನ ಉರಿ ಇನ್ನೂ ನೆನಪಿದೆ.

ಬಾಲಸುಬ್ರಮಣಿಯನ್ ಕೊಯಮತ್ತೂರಿನವರು. ಮೊದಮೊದಲು ನಕ್ಕರು, ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ನಮಗಿಂತ ಅಚ್ಚುಕಟ್ಟಾಗಿ ಮೂತಿ ಮನೆಯ ಕಡೆಗೆ ಮಾಡಿ ಬಿಡುತ್ತಿದ್ದರು. ಹಾಗಾದರೆ ಇವನ್ನು ತಿರುಗಿಸಿದ್ದು ಯಾರು? ಶನಿವಾರ ಮಧ್ಯಾಹ್ನ ಎರಡರ ಮೇಲೆ ಅವರನ್ನು ಯಾರೂ ಕಂಡಿಲ್ಲ, ಹೆಣ ಸಿಕ್ಕಿದ್ದು ಮಾರನೆಯ ಬೆಳಗ್ಗೆ ಏಳಕ್ಕೆ. ಈ ಫೋಟೋ ತೆಗೆದದ್ದು ಅದೇ ಬೆಳಗ್ಗೆ ಆರೂವರೆಗೆ. ಅಂದರೆ ಅವರು ಸತ್ತಿದ್ದಾರೆ ಅಂತ ಲೋಕಕ್ಕೆ ಗೊತ್ತಾಗುವ ಮೊದಲೇ ಒಬ್ಬರಿಗೆ ಗೊತ್ತಿತ್ತು. ಆ ಒಬ್ಬರು ನಮ್ಮ ಹಟ್ಟಿಯವರು. ಹೊರಗಿನವರಾಗಿದ್ದರೆ ಶೂಗಳನ್ನು ಪೊದೆಗೆ ಎಸೆಯುತ್ತಿದ್ದರು. ಕೊಂದ ಮೇಲೂ ಸತ್ತವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸದೆ ಹೋಗಲು ಇವರಿಗೆ ಮನಸ್ಸಾಗಲಿಲ್ಲ.

ಅಯ್ಯೋ ಹೆತ್ತೆ, ಅಂದುಕೊಂಡೆ. ಇದು ಯಾರೋ ಕಳ್ಳಕಾಕರ ಕೆಲಸ ಆಗಿರಲಿ ಅಂತ ಎಂಟು ದಿನದಿಂದ ಬೇಡಿಕೊಂಡಿದ್ದೆ. ಈಗ ನೋಡಿದರೆ ಇದನ್ನು ಮಾಡಿದವರ ಮನೆಯಲ್ಲಿ ನಾನು ಊಟ ಮಾಡಿದ್ದೇನೆ.

ಪಕ್ಕದಲ್ಲಿ ಚಿನ್ನಿ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದಳು. ಅವಳು ಹಾಲನ್ ಅಣ್ಣನ ಒಬ್ಬಳೇ ಮಗಳು, ಮೂವತ್ತೆರಡರ ಹೆಣ್ಣು. ತಾಯಿ ತೀರಿಕೊಂಡ ಮೇಲೆ ಅವಳ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ನಾನು. ಎಂಟು ದಿನದ ಹಿಂದೆ ನನ್ನ ಅಡಿಗೆಮನೆಗೆ ಬಂದು, ಅಪ್ಪನ್ನ ಬಿಡಿಸು ಅಂತ ನೆಲದ ಮೇಲೆ ಕೂತುಬಿಟ್ಟಿದ್ದಳು. ಅಂದಿನಿಂದ ನಾನು ಹೋದಲ್ಲೆಲ್ಲ ಬರುತ್ತಾಳೆ.

ಫೋಟೋ ತೋರಿಸಿ ಶೂಗಳ ವಿಷಯ ಹೇಳಿದೆ. ಅವಳು ಬಹಳ ಹೊತ್ತು ನೋಡಿದಳು. ಲೋಟ ತುಂಬಿ ಟೀ ಅವಳ ಬೆರಳ ಮೇಲೆ ಹರಿಯಿತು. ಬಿಸಿಯಾಗಿದ್ದರೂ ಕೈ ಎಳೆದುಕೊಳ್ಳಲಿಲ್ಲ.

"ಪೊಲೀಸು ಎತ್ತಿ ಇಟ್ಟಿರೋದಾಗಿ ಇರುಗು ಅತ್ತೆ," ಅಂದಳು.

ಪೊಲೀಸರು ಇಟ್ಟಿರಲಾರರು ಅಂದೆ. ಇದು ಪೊಲೀಸರು ತೆಗೆದ ಫೋಟೋ ಅಲ್ಲ. ರಾತ್ರಿ ಮರಳದ ಇಂಜಿನಿಯರನ್ನು ಹುಡುಕಿಕೊಂಡು ಅವರಿಗಿಂತ ಮೊದಲು ಬಂದ ಜೂನಿಯರ್ ಇಂಜಿನಿಯರ್ ಅಭಿನಯಾ ತನ್ನ ಫೋನಿನಲ್ಲಿ ತೆಗೆದದ್ದು. ನಿನ್ನೆ ತಾನೇ ನನಗೆ ಕಳಿಸಿದಳು. ಶೂಗಳ ಮೇಲೆ ರಾತ್ರಿಯ ಇಬ್ಬನಿ ಯಾರೂ ಮುಟ್ಟದ ಹಾಗೆ ನಿಂತಿದೆ. ಚಿನ್ನಿ ತಲೆಯಾಡಿಸಿ ನನಗೆ ಲೋಟ ಕೊಟ್ಟಳು. ಪಾಪ, ಅಪ್ಪನ ಚಿಂತೆಯಲ್ಲಿ ಹುಡುಗಿ ಅರ್ಧ ಆಗಿದ್ದಾಳೆ ಅಂದುಕೊಂಡೆ.

ನಾನು ಇಲ್ಲಿಗೆ ಬಂದದ್ದು ಶೂಗಳಿಗಾಗಿ ಅಲ್ಲ, ನೀರಿಗಾಗಿ. ಅಭಿನಯಾ ಫೋಟೋದ ಜೊತೆಗೆ ಇನ್ನೊಂದು ಸಂಗತಿ ಹೇಳಿದ್ದಳು. ಸುರಂಗದ ಎರಡೂ ಬಾಯಲ್ಲಿ ನೀರಿನ ಹರಿವು ಅಳೆಯುವ ಯಂತ್ರಗಳಿವೆ. ಮೇಲ್ಬಾಯಲ್ಲಿ ಹತ್ತು ಕೊಡ ಒಳಗೆ ಹೋದರೆ ಕೆಳಬಾಯಲ್ಲಿ ಎಂಟೇ ಹೊರಗೆ ಬರುತ್ತಿವೆ. ನೂರೈವತ್ತು ಹೆಜ್ಜೆಯ ಸುರಂಗದೊಳಗೆ ಪ್ರತಿ ಹತ್ತಕ್ಕೆ ಎರಡು ಕೊಡ ಮಾಯ. ಬಾಲಸುಬ್ರಮಣಿಯನ್ ಸಾಯುವ ವಾರ ಇದೇ ಲೆಕ್ಕದ ಹಿಂದೆ ಬಿದ್ದಿದ್ದರಂತೆ.

ಈ ಎರಡು ಕೊಡದ ಬೆಲೆ ತಿಳಿಯಬೇಕಾದರೆ ಈ ಕಾಲುವೆಯ ಬೆಲೆ ತಿಳಿಯಬೇಕು. ನಮ್ಮ ಮುತ್ತಜ್ಜಂದಿರು ಶೋಲೆ ಕಾಡಿನ ತೊರೆಯಿಂದ ನಾಲ್ಕು ಕಿಲೋಮೀಟರ್ ಇದನ್ನು ತೋಡಿದರು. ಟೀ ಬಂತು, ಕಾಲುವೆ ಮುಚ್ಚಿತು. ಎಲೆಗೆ ರೇಟು ಬಿದ್ದಾಗ ಮತ್ತೆ ಕ್ಯಾರೆಟ್ಟು ಬೆಳ್ಳುಳ್ಳಿ ಹಾಕೋಣ ಅಂದರೆ ನೀರಿಲ್ಲ, ಲಾರಿ ನೀರೇ ಗತಿ. ಆಗ ಬಂದವರು ಈ ಮನುಷ್ಯ. ಹಟ್ಟಿಯ ಸಭೆಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದರು: ಹೊಸ ಅಣೆ ಕಟ್ಟುವ ಖರ್ಚಿನಲ್ಲಿ ಹತ್ತನೇ ಒಂದು ಪಾಲು ಸಾಕು, ನಾಲ್ಕು ವರ್ಷದಲ್ಲಿ ಹಾಕಿದ್ದೆಲ್ಲ ವಾಪಸು, ಬೇಸಿಗೆಯಲ್ಲೂ ಒಂದು ಬೆಳೆ, ಗುಡಿಯ ಕೆಳಗಿನ ಇಳಿಜಾರಿನಲ್ಲಿ ಪುಟ್ಟ ಚಕ್ರ ಇಟ್ಟರೆ ಕ್ಯಾರೆಟ್ ತೊಳೆಯುವ ಯಂತ್ರಕ್ಕೆ ಕರೆಂಟೂ ಉಚಿತ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಹೆಂಗಸರ ಕಡೆ ತಿರುಗಿ, ನೀವು ದಿನಕ್ಕೆ ಎಷ್ಟು ಗಂಟೆ ನೀರು ಹೊರುತ್ತೀರಿ ಅಂತ ಕೇಳಿದರು. ಆ ಪ್ರಶ್ನೆಯನ್ನು ನಮ್ಮ ಗಂಡಸರು ಕೂಡ ಕೇಳಿರಲಿಲ್ಲ.

ಹಳೆಯ ಕಲ್ಲು ಬಿಸಾಡಲಿಲ್ಲ. ಅದರಡಿಗೆ ನೀರು ಬಸಿಯದ ಹಾಳೆ ಹಾಸಿದರು, ಮೇಲೆ ಅದೇ ಕಲ್ಲು ಕೂರಿಸಿದರು. ತಮ್ಮ ಯಂತ್ರದಲ್ಲಿ ಅಳೆದು, ನಿಮ್ಮ ಮುತ್ತಜ್ಜರು ನಾಲ್ಕು ಕಿಲೋಮೀಟರಿಗೆ ಒಂದು ಗೇಣು ಮಾತ್ರ ತಪ್ಪಿದ್ದಾರೆ ಅಂತ ಮಕ್ಕಳ ಹಾಗೆ ಖುಷಿಪಟ್ಟರು. ಮೊದಲ ಹಂತ ಮುಗಿಯಿತು. ಒಳಗೆ ಹೋದ ಹತ್ತರಲ್ಲಿ ಒಂಬತ್ತು ಪಾಲು ಕೊನೆಗೆ ಮುಟ್ಟಿದರೆ ಮಾತ್ರ ಆಚೆಯ ಎರಡು ಹಟ್ಟಿಗಳಿಗೆ ಎರಡನೇ ಹಂತ. ಮುಂದಿನ ವಾರ ದುಡ್ಡು ಕೊಡುವ ಇಲಾಖೆಯವರು ಪರೀಕ್ಷೆಗೆ ಬರುತ್ತಾರೆ. ಎಂಟು ಅಂತ ಕಂಡರೆ ಆ ದುಡ್ಡು ಬೇರೆ ಜಿಲ್ಲೆಗೆ ಹೋಗುತ್ತದೆ.

ಕಾಲುವೆ ಸೋತರೆ ಯಾರಿಗೆ ಲಾಭ? ನನ್ನ ತಲೆಯಲ್ಲಿ ಒಂದೇ ಹೆಸರಿತ್ತು. ಅರಿ. ಕಾಲುವೆ ಸಮಿತಿಯ ಕಾರ್ಯದರ್ಶಿ, ಎರಡು ನೀರಿನ ಲಾರಿಗಳ ಯಜಮಾನ. ಬೇಸಿಗೆ ಬಂದರೆ ಮೂರು ಹಟ್ಟಿಯೂ ಅವನ ಲಾರಿಯ ಹಾರ್ನಿಗೆ ಕಾದು ನಿಲ್ಲುತ್ತಿತ್ತು.

ಟೀ ಮುಗಿಸಿ ಎದ್ದೆ. ಚಪ್ಪಲಿ ಬಿಟ್ಟೆ, ಮೂತಿ ಮನೆಯ ಕಡೆಗೆ. ಆ ಫೋಟೋ ನೋಡಿದ ಮೇಲೆ ಕೈಯಿಂದ ಮುಟ್ಟಿ ಇನ್ನೊಂದು ಸಲ ಸರಿಮಾಡಿದೆ. ಚಿನ್ನಿಯ ನೀಲಿ ರಬ್ಬರ್ ಚಪ್ಪಲಿಯೂ ಪಕ್ಕದಲ್ಲೇ ಮನೆಯ ಕಡೆ ನೋಡುತ್ತಿತ್ತು. ಒಳಗೆ ಬಾ ಅಂದೆ. ಒಬ್ಬಳೇ ಹೋಗಲು ನನಗೆ ಧೈರ್ಯ ಬರುತ್ತಿರಲಿಲ್ಲ.

"ನಾ ಬರೋದಿಲ್ಲೆ ಅತ್ತೆ. ನಾ ಇಲ್ಲೇ ಕೂತಿದ್ದನೆ. ನೀ ಹೋಗಿ ಬಾ," ಅಂದಳು.

ಅವಳನ್ನು ಬಲವಂತ ಮಾಡಲಿಲ್ಲ. ನೀರಿನ ಭಯ ಇರಲಿಲ್ಲ. ಮೇಲೆ ಮುನ್ನೂರು ಗಜ ದೂರದ ಗೇಟು ಈಗ ಮೋಟಾರಿನದು, ಫೋನಿನಿಂದಲೇ ತೆರೆದು ಮುಚ್ಚುತ್ತಾರೆ. ಆ ವ್ಯವಸ್ಥೆ ಎರಡು ಫೋನುಗಳಲ್ಲಿ ಮಾತ್ರ ಇತ್ತು. ಒಂದು ಅಭಿನಯಾಳದು. ನನಗಾಗಿ ಅವಳು ಉದಕಮಂಡಲದ ಆಫೀಸಿನಲ್ಲಿ ಕೂತೇ ಗೇಟನ್ನು ಬಹುಪಾಲು ಇಳಿಸಿ, ಮಧ್ಯಾಹ್ನ ಒಂದು ಗಂಟೆಯವರೆಗೆ ಮುಟ್ಟುವುದಿಲ್ಲ ಅಂದಿದ್ದಳು. ಇನ್ನೊಂದು ಬಾಲಸುಬ್ರಮಣಿಯನ್ ಅವರದು. ಅದು ಅವರು ಸತ್ತ ದಿನದಿಂದ ಕಾಣೆ. ನೀರಿನಲ್ಲಿ ಹೋಗಿರಬೇಕು ಅಂತ ಪೊಲೀಸರು ಕೈಬಿಟ್ಟಿದ್ದರು.

ಸುರಂಗದೊಳಗೆ ಪಾದ ಮುಳುಗುವಷ್ಟು ನೀರು. ಎಷ್ಟು ತಣ್ಣಗೆ ಅಂತೀರಿ, ಮೊದಲ ಹತ್ತು ಹೆಜ್ಜೆಗೇ ಕಾಲು ಮರಗಟ್ಟಿತು. ಟಾರ್ಚಿನ ಬೆಳಕಿನಲ್ಲಿ ಮುತ್ತಜ್ಜರ ಉಳಿಯ ಗುರುತುಗಳು ಗೋಡೆಯುದ್ದಕ್ಕೂ ಕಂಡವು. ಬೆನ್ನು ಬಗ್ಗಿಸಿ ನಡೆಯಬೇಕು. ಮೊಣಕಾಲು ನೋವು ಬೇರೆ. ಹಿಂದೆ ತಿರುಗಿದಾಗಲೆಲ್ಲ ಮೇಲ್ಬಾಯಿ ಚಿಕ್ಕದಾಗುತ್ತಾ ಹೋಯಿತು. ಬಾಯಿ ತುಂಬ ಹೆತ್ತೆಯ ಹೆಸರು ಹೇಳಿಕೊಳ್ಳುತ್ತಾ, ಎಡಗೈಯಿಂದ ಕಲ್ಲುಗಳ ಸಂದು ತಡಕುತ್ತಾ ಹೋದೆ.

ನಡುಮಧ್ಯದಲ್ಲಿ ಒಂದು ಕಲ್ಲು ಅಲುಗಿತು. ಎಳೆದೆ. ಹಿಂದೆ ಕಪ್ಪು ಪೈಪು, ಒಂದು ಮೊಣಕೈ ದಪ್ಪ. ಕಾಲುವೆ ಕೆಲಸಕ್ಕೆ ತಂದ ಪೈಪೇ ಅದು. ಹಾಳೆಯನ್ನು ಚೊಕ್ಕವಾಗಿ ಕತ್ತರಿಸಿ, ಪೈಪಿನ ಬಾಯಿ ಕೂರಿಸಿ, ಸುತ್ತ ಹಸಿರು ಬಟ್ಟೆಯ ಪಟ್ಟಿ ಬಿಗಿದಿದ್ದರು. ಆ ಗಂಟು ನೋಡಿ ಬೆರಳು ನಿಂತಿತು. ಎಲೆ ಚೀಲದ ಬಾಯಿ ಕಟ್ಟುವ ಗಂಟು ಅದು, ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ಸಿಕ್ಕಿಸುವುದು. ಟೀ ತೋಟದಲ್ಲಿ ಎಲೆ ಕೊಯ್ಯುವ ಹೆಂಗಸರ ಕೈ ಗಂಟು. ನನ್ನ ಅವ್ವೆಯೂ ಹಾಗೇ ಕಟ್ಟುತ್ತಿದ್ದಳು. ಲಾರಿ ಯಜಮಾನ ಎಲೆ ಚೀಲ ಕಟ್ಟಿದ್ದನ್ನು ನಾನು ನೋಡಿಲ್ಲವಲ್ಲ ಅಂತ ಯೋಚಿಸುವಷ್ಟರಲ್ಲಿ ಕೆಳಬಾಯಿಯ ಕಡೆಯಿಂದ ನೀರು ತುಳಿಯುವ ಸದ್ದು ಕೇಳಿತು.

ಯಾರೋ ಒಳಗೆ ಬರುತ್ತಿದ್ದರು. ಅವಸರವಿಲ್ಲದ ಹೆಜ್ಜೆ.

ಟಾರ್ಚು ಆರಿಸಿದೆ. ಆರಿಸಿದ್ದು ತಪ್ಪಾಯಿತು, ಕತ್ತಲಲ್ಲಿ ಭಯ ಇಮ್ಮಡಿಯಾಯಿತು. ಎದುರಿನ ಬೆಳಕು ನನ್ನ ಕಾಲ ಮೇಲೆ ಬಿತ್ತು, ಸೀರೆಯ ಮೇಲೆ ಏರಿತು, ಮುಖಕ್ಕೆ ಬಂದು ನಿಂತಿತು. ಬೆಳಕಿನ ಹಿಂದೆ ಅರಿ. ಇನ್ನೊಂದು ಕೈಯಲ್ಲಿ ಮೊಳದುದ್ದದ ಕಬ್ಬಿಣದ ಪಾನಾ.

ಬಾಲಸುಬ್ರಮಣಿಯನ್ ಅವರ ತಲೆಯ ಹಿಂಬದಿಯ ಗಾಯ ನೆನಪಾಗಿ ನಾನು ಬೆನ್ನನ್ನು ಗೋಡೆಗೆ ಒತ್ತಿಬಿಟ್ಟೆ. ಇಪ್ಪತ್ತೆಂಟು ವರ್ಷದ ಪೊಲೀಸು ಬುದ್ಧಿ ಎಲ್ಲಿ ಹೋಯಿತೋ, ಮನೆಯಲ್ಲಿ ಒಲೆ ಮೇಲಿಟ್ಟ ಹುರುಳಿ ಆರಿಸಿದ್ದೆನೋ ಇಲ್ಲವೋ ಅನ್ನುವುದೊಂದೇ ತಲೆಗೆ ಬಂತು.

"ಮುಂದೆ ಬರಬೇಡ ಅರಿಯಣ್ಣ. ಹೊರಗೆ ಚಿನ್ನಿ ಇದ್ದಾಳೆ, ಕೂಗಿದರೆ ಬರುತ್ತಾಳೆ," ಅಂದೆ.

ಅರಿ ನಿಂತ. ಅವನ ಮುಖ ಬಿಳಿಚಿಕೊಂಡಿತು. ಬೆದರಿಸಿದವಳು ನಾನು, ಆದರೆ ಅವನು ಹೆದರಿದ್ದು ನನಗಲ್ಲ ಅಂತ ಆಗ ಹೊಳೆಯಲಿಲ್ಲ.

"ಚಿನ್ನಿ ಬಂದಿದ್ದಾಳಾ? ಒಂಟಿ ಕೂತಿದ್ದಾಳಾ?" ಅಂದ.

ಅದನ್ನು ಕಟ್ಟಿಕೊಂಡು ನಿನಗೇನು ಅಂತ ನಾನು ಹರಿಹಾಯ್ದೆ. ಹೆದರಿದಾಗ ನನ್ನ ನಾಲಿಗೆ ಉದ್ದವಾಗುತ್ತದೆ. ಎಲ್ಲವನ್ನೂ ಹೇಳಿಬಿಟ್ಟೆ. ಲಾರಿ ವ್ಯಾಪಾರ ಕೈಬಿಟ್ಟು ಹೋಗುತ್ತದೆ ಅಂತ ನೀರು ಕದ್ದೆ, ಹತ್ತರಲ್ಲಿ ಎಂಟು ಮಾಡಿದೆ, ಹಿಡಿದವರನ್ನು ಹೊಡೆದು ನೀರಿಗೆ ಹಾಕಿದೆ, ಶೂ ಸತ್ತವರ ಜೋಡಿನ ಹಾಗೆ ತಿರುಗಿಸಿಟ್ಟೆ, ಈಗ ನನ್ನ ಅಣ್ಣನನ್ನು ಜೈಲಿಗೆ ಕಳಿಸಿ ಪೈಪು ಕೀಳಲು ಬಂದಿದ್ದೀಯ ಅಂತ. ನನ್ನ ಧ್ವನಿ ಸುರಂಗದ ತುಂಬ ಹೊಡೆದುಕೊಂಡು ನನಗೇ ವಾಪಸು ಬಂತು.

ಅರಿ ಪಾನಾವನ್ನು ಕಲ್ಲಿನ ಮೇಲಿಟ್ಟ. ಪೈಪು ಕೀಳಲು ಬಂದದ್ದು ನಿಜ ಅಂತ ಒಪ್ಪಿಕೊಂಡ. ನಾನು ಇವತ್ತು ಒಳಗೆ ಹೋಗುತ್ತೇನೆ ಅಂತ ಅಭಿನಯಾ ಸಮಿತಿಗೆ ಹೇಳಿದ್ದಳಂತೆ. ನನ್ನ ಕಣ್ಣಿಗೆ ಬೀಳುವ ಮೊದಲು ತೆಗೆದುಬಿಟ್ಟರೆ ಹಟ್ಟಿಯ ಮರ್ಯಾದೆಯೂ ಉಳಿಯುತ್ತದೆ, ಮುಂದಿನ ವಾರದ ಪರೀಕ್ಷೆಯೂ ದಾಟುತ್ತದೆ ಅಂತ ಬಂದನಂತೆ. ಲಾರಿಗಳ ಮಾತಿಗೆ ಅವನು ಸಣ್ಣಗೆ ನಕ್ಕ. ಎರಡನ್ನೂ ಮೂರು ತಿಂಗಳ ಹಿಂದೆಯೇ ಗೂಡಲೂರಿನವನಿಗೆ ಮಾರಿ, ಕಾಲುವೆಯ ಕೆಳಗೆ ತನ್ನ ಪಾಳು ಜಮೀನಿಗೆ ಬೆಳ್ಳುಳ್ಳಿ ಬೀಜ ತಂದಿದ್ದಾನೆ. ಈ ಕಾಲುವೆ ಸೋತರೆ ಮೊದಲು ಮುಳುಗುವವನು ಅವನೇ.

ಹಾಗಾದರೆ ಪೈಪು ಯಾರದು ಅಂತ ಕೇಳಿದೆ. ಗುಡ್ಡದ ಹಿಂಬದಿಯ ಇಳಿಜಾರಿನಲ್ಲಿ ಪೈಪು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಹೇಳಿದ. ಹನ್ನೊಂದು ಹೆಂಗಸರು ಸೇರಿ ಗುತ್ತಿಗೆಗೆ ಹಿಡಿದ ಬೆಳ್ಳುಳ್ಳಿ ಹೊಲ. ಎರಡನೇ ಹಂತ ಬಂದರೆ ಅವರಿಗೂ ನೀರುಂಟು, ಆದರೆ ಅದಕ್ಕೆ ಎರಡು ವರ್ಷ. ಬಿತ್ತಿದ ಬೆಳ್ಳುಳ್ಳಿ ಎರಡು ವರ್ಷ ಕಾಯುತ್ತದೆಯೇ? ಇಂಜಿನಿಯರಿಗೂ ಇದು ಗೊತ್ತಾಗಿತ್ತಂತೆ. ಅವರು ಕೋಪ ಮಾಡಿಕೊಳ್ಳಲಿಲ್ಲವಂತೆ. ಸೋಮವಾರ ಎಲ್ಲರನ್ನೂ ಕೂರಿಸೋಣ, ಅಳತೆ ಮೀಟರು ಹಾಕಿ ಅವರಿಗೂ ಸಲ್ಲುವ ನೀರು ಕೊಡೋಣ ಅಂತ ಅರಿಗೆ ಹೇಳಿದ್ದರಂತೆ. ಆ ಮಾತನ್ನು ಆ ಹೆಂಗಸರಿಗೆ ಹೇಳಲೆಂದೇ ಅವರು ಶನಿವಾರ ಮಧ್ಯಾಹ್ನ ಇಲ್ಲಿಗೆ ಬಂದದ್ದು. ಸೋಮವಾರ ಅವರ ಬೂದಿ ಮಾತ್ರ ಉಳಿದಿತ್ತು.

ಆ ಹೆಂಗಸರ ಗುಂಪಿಗೆ ಮುಂದಾಳು ಯಾರು ಅಂತ ನನಗೆ ಗೊತ್ತು. ಗೊತ್ತಿದ್ದೂ ಆ ಹೆಸರನ್ನು ಮನಸ್ಸು ಬಾಗಿಲಲ್ಲೇ ತಡೆದು ನಿಲ್ಲಿಸಿತು.

"ಹಾಲನ್ ಕೊಂದಿಲ್ಲೆ ತಂಗಮಣಿ. ಆ ಶನಿವಾರ ಎರಡರಿಂದ ಐದು ಗಂಟೆಗಂಟ ಅವ ನನ್ನ ಕೂಡ ಇದ್ದ. ಫ್ಯಾಕ್ಟರಿಲಿ ಎಲೆ ತೂಕ ಹಾಕಿಸ್ತಾ ಇದ್ದೊ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಎಂಟು ದಿನ. ಎಂಟು ದಿನದಿಂದ ಅಣ್ಣ ಸಿಮೆಂಟು ನೆಲದ ಮೇಲೆ ಮಲಗಿದ್ದಾನೆ, ಇವನು ಇದನ್ನು ಹೊಟ್ಟೆಯೊಳಗಿಟ್ಟುಕೊಂಡು ಓಡಾಡುತ್ತಿದ್ದಾನೆ. ಪೊಲೀಸರಿಗೆ ಯಾಕೆ ಹೇಳಲಿಲ್ಲ ಅಂತ ಅವನ ಶರ್ಟು ಹಿಡಿದು ಕೇಳಿದೆ. ಹೌದು, ಹಿಡಿದೆ. ಭಯ ಹೋಗಿ ಸಿಟ್ಟು ಬಂದಿತ್ತು.

ಅರಿ ನನ್ನ ಕೈ ಬಿಡಿಸಲಿಲ್ಲ.

"ಹೇಳಬೇಡ ಅಂತ ಹಾಲನೇ ನನ್ನ ಕಾಲು ಹಿಡಿದ. ಎನಗಿಂತ ಹತ್ತು ವರ್ಷ ದೊಡ್ಡವ, ಎನ್ನ ಕಾಲು ಹಿಡಿದ. ನಾ ಏನ ಮಾಡಲಿ?"

ಫ್ಯಾಕ್ಟರಿಯಿಂದ ಇಬ್ಬರೂ ಒಟ್ಟಿಗೆ ಮನೆಗೆ ಹೊರಟರಂತೆ. ಈ ಕಲ್ಲಿನ ಹತ್ತಿರ ಬಂದಾಗ ಹಾಲನ್ ನಿಂತುಬಿಟ್ಟ. ನೀರಿಗೆ ಮುಖ ಮಾಡಿದ ಶೂಗಳನ್ನು ನೋಡಿದ. ಯಾರದು ಅಂತ ಅರಿ ಕೇಳಿದ್ದಕ್ಕೆ ಉತ್ತರ ಕೊಡದೆ, ಓಡದ ಮುದುಕ ಮನೆಯ ಕಡೆ ಓಡಿದ. ಅರಿ ಹಿಂದಿನಿಂದ ಹೋದಾಗ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಯಾರೋ ಅಳುತ್ತಿದ್ದರು. ಮಾರನೆಯ ದಿನ ಹೆಣ ಸಿಕ್ಕಿತು, ಅದೇ ಮಧ್ಯಾಹ್ನ ಹಾಲನ್ ಬಸ್ಸು ಹತ್ತಿ ಠಾಣೆಗೆ ಹೋಗಿ ನಾನೇ ಕೊಂದೆ ಅಂದ.

ಆ ಮನೆಯಲ್ಲಿ ಇರುವುದೇ ಇಬ್ಬರು. ಅಪ್ಪ ಮತ್ತು ಮಗಳು, ಆ ಹೆಂಗಸರ ಗುಂಪಿನ ಮುಂದಾಳು.

ಅರಿಯ ತೋಳು ಹಿಡಿದುಕೊಂಡೆ. ಅಪ್ಪನ್ನ ಬಿಡಿಸು ಅಂತ ನನ್ನ ಅಡಿಗೆಮನೆಯಲ್ಲಿ ಕೂತವಳ ಮುಖ ಕಣ್ಣ ಮುಂದೆ ಬಂತು. ಅವಳು ಸುಳ್ಳು ಹೇಳಿರಲಿಲ್ಲ. ಅಪ್ಪ ಬಿಡುಗಡೆಯಾಗಬೇಕು ಅಂತ ನಿಜವಾಗಿ ಬೇಡಿಕೊಂಡಿದ್ದಳು. ಅಪ್ಪನ್ನ ಬಿಡಿಸಬೇಕಾದರೆ ನಾನು ಯಾರನ್ನು ಹಿಡಿಯಬೇಕು ಅನ್ನುವುದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಹೇಳಲು ಬಾಯಿ ಬಾರದೆ, ನಾನು ಕಂಡುಹಿಡಿಯುವ ದಿನಕ್ಕಾಗಿ ಟೀ ತಂದು ಕೊಟ್ಟು ಕಾದಿದ್ದಳೋ? ಅಥವಾ ಎಷ್ಟು ಕಂಡುಹಿಡಿದೆ ಅಂತ ನೋಡಲು ಬೆನ್ನ ಹಿಂದೆ ಬರುತ್ತಿದ್ದಳೋ? ಎರಡರಲ್ಲಿ ಯಾವುದಕ್ಕೆ ಹೆದರಬೇಕು ಅಂತ ನನಗೆ ತಿಳಿಯಲಿಲ್ಲ. ನಾನು ಎತ್ತಿ ಬೆಳೆಸಿದ ಮಗು ಅದು.

ಮೊದಲು ಅವಳ ಹತ್ತಿರ ಹೋಗೋಣ ಅಂದೆ. ಅರಿ ಆಗಲೇ ಮೇಲ್ಬಾಯಿಯ ಕಡೆ ತಿರುಗಿದ್ದ. ಅವನಿಗೂ ಅದೇ ಅವಸರ. ಪಾನಾ ಅಲ್ಲೇ ಉಳಿಯಿತು. ಮೊಣಕಾಲು ನೋವು ಎಲ್ಲಿ ಹೋಯಿತೋ, ನಾನು ಅವನಿಗಿಂತ ಮುಂದೆ ನಡೆದೆ. ಅವಳಿಗೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಬೈಯಬಾರದು. ಏನಾಯಿತು ಅಂತ ಮೊದಲು ಕೇಳಬೇಕು. ಜಾರಿ ಬಿದ್ದರಾ, ಕೈ ತಾಗಿ ಬಿದ್ದರಾ, ಪೈಪಿಗೆ ಎಳೆದಾಡುವಾಗ ಬಿದ್ದರಾ. ಕೊಲೆಗೂ ಅವಘಡಕ್ಕೂ ಕೋರ್ಟಿನಲ್ಲಿ ವ್ಯತ್ಯಾಸ ಇದೆ, ಅದನ್ನು ಅವಳಿಗೆ ತಿಳಿಸಿ ಹೇಳಬೇಕು. ಅಣ್ಣನೂ ಉಳಿಯಬೇಕು, ಇವಳೂ ಉಳಿಯಬೇಕು.

ಬಾಯಿಯ ಹತ್ತಿರ ಬರುವಾಗ ಪಾದದ ಮೇಲಿದ್ದ ನೀರು ಕಾಲಿನ ಗಂಟು ದಾಟಿದ್ದನ್ನು ನಾನು ಗಮನಿಸಲಿಲ್ಲ. ಅರಿ ಗಮನಿಸಿದ. ನೀರು ಏರ್ತಾ ಇದೆ ಅಂದ. ಆಗುವುದೇ ಇಲ್ಲ, ಒಂದು ಗಂಟೆಯವರೆಗೆ ಗೇಟು ಮುಟ್ಟುವುದಿಲ್ಲ ಅಂತ ಅಭಿನಯಾ ಹೇಳಿದ್ದಾಳೆ ಅಂದೆ. ಗಡಿಯಾರ ನೋಡಿದೆ. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು.

ಹೊರಗೆ ಮಂಜು ಇನ್ನೂ ದಟ್ಟವಾಗಿತ್ತು. ಹತ್ತು ಹೆಜ್ಜೆ ದೂರದ ಕಲ್ಲು ಮಾತ್ರ ಮಸುಕಾಗಿ ಕಾಣುತ್ತಿತ್ತು. ಕಲ್ಲಿನ ಮೇಲೆ ಫ್ಲಾಸ್ಕು ಇತ್ತು, ನನ್ನ ಲೋಟ ತೊಳೆದು ಬೋರಲು ಹಾಕಿತ್ತು. ಚಿನ್ನಿ ಇರಲಿಲ್ಲ.

ಕಲ್ಲಿನ ಬುಡ ನೋಡಿದೆ. ನನ್ನ ಚಪ್ಪಲಿ ನಾನು ಬಿಟ್ಟ ಹಾಗೇ ಇತ್ತು, ಮೂತಿ ಮನೆಯ ಕಡೆಗೆ. ಅದರ ಪಕ್ಕದ ನೀಲಿ ರಬ್ಬರ್ ಚಪ್ಪಲಿ ತಿರುಗಿತ್ತು. ಒಂದಕ್ಕೊಂದು ಒತ್ತಿಕೊಂಡು, ನೀರಿಗೆ ಮುಖ ಮಾಡಿ.

ಅರಿ ಏನನ್ನೋ ಗೊಣಗಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ನಾನು ಹೇಗೆ ಕಲ್ಲಿನವರೆಗೆ ಹೋದೆನೋ ತಿಳಿಯದು. ಫ್ಲಾಸ್ಕಿನ ಹಿಂದೆ ಹಳದಿ ಕವರಿನ ಫೋನೊಂದು ಒರಗಿಸಿತ್ತು. ಆ ಹಳದಿ ಕವರನ್ನು ಸಭೆಯ ದಿನ ಬಾಲಸುಬ್ರಮಣಿಯನ್ ಅವರ ಜೇಬಿನಲ್ಲಿ ನೋಡಿದ್ದೆ. ಫೋನು ಬೆಳಗುತ್ತಿತ್ತು. ಅದರಲ್ಲಿ ಗೇಟಿನ ಚಿತ್ರ, ಕೆಳಗಿನಿಂದ ಮೇಲಕ್ಕೆ ನೀಲಿ ತುಂಬುತ್ತಿತ್ತು. ಅರ್ಧ ತುಂಬಿತ್ತು. ನಿಲ್ಲಿಸಲು ಒತ್ತಿದೆ. ನಾಲ್ಕು ಅಂಕಿ ಕೇಳಿತು. ನನಗೆ ಗೊತ್ತಿಲ್ಲದ ನಾಲ್ಕು ಅಂಕಿ.

ನಾವಿಬ್ಬರೂ ಒಳಗಿರುವಾಗಲೇ ಇದನ್ನು ತೆರೆದದ್ದು ಯಾರು? ಚಿನ್ನಿಯೋ? ಅವಳ ಚಪ್ಪಲಿ ತಿರುಗಿಸಿದ ಕೈ ಅವಳದೋ, ಮಂಜಿನಲ್ಲಿ ಅಡಗಿದ ಇನ್ನೊಬ್ಬರದೋ? ಅಭಿನಯಾಳಿಗೆ ನನ್ನ ಫೋನಿನಿಂದ ಕರೆ ಮಾಡಿದೆ. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಅರಿಗೆ ಗೇಟಿನ ಕಡೆ ಓಡು, ಕೈಯಿಂದ ತಿರುಗಿಸುವ ಚಕ್ರ ಇದೆ ಅಂದೆ. ಅವನು ಏರಿಯ ಮೇಲೆ ಓಡಿದ. ಕಾಲುವೆಯಲ್ಲಿ ನೀರು ಮಣ್ಣಿನ ಬಣ್ಣಕ್ಕೆ ತಿರುಗಿ, ಎಲೆ ಕಡ್ಡಿ ಹೊತ್ತುಕೊಂಡು, ಸುರಂಗದ ಬಾಯಿಯ ಅರ್ಧಕ್ಕೆ ಏರಿ ಒಳಗೆ ನುಗ್ಗುತ್ತಿತ್ತು.

"ಚಿನ್ನಿ," ಅಂತ ಕೂಗಿದೆ. ಮಂಜಿನ ಕಡೆಗೆ, ಕಾಡಿನ ಕಡೆಗೆ, ಗುಡ್ಡ ಹತ್ತಿ ಕೆಳಬಾಯಿಗೆ ಇಳಿಯುವ ಕಾಲುದಾರಿಯ ಕಡೆಗೆ ಮೂರು ಸಲ ಕೂಗಿದೆ.

ನಾಲ್ಕನೆಯ ಸಲ ಕೂಗುವ ಮೊದಲು ಅವಳು ಓಗೊಟ್ಟಳು. ಅತ್ತೆ, ಅಂತ ಒಂದೇ ಮಾತು. ಆ ಧ್ವನಿ ಬಂದದ್ದು ನಾವು ಈಗಷ್ಟೇ ಹೊರಗೆ ಬಂದ ಸುರಂಗದ ಒಳಗಿನಿಂದ.